ನಕ್ಷೆ ಬರುವ ಮೊದಲು ನಿಮ್ಮ ಪಟ್ಟಿ ತಯಾರಿರಲಿ

ಪ್ರಶ್ನೆ: ಸರ್, ನಮ್ಮದು ಕಾಸರಗೋಡು ಪೇಟೆಗೆ ತಾಗಿದ ಕಡಲ ಬದಿಯ ವಾರ್ಡ್. ಹೋದ ಮಳೆಗಾಲದ ಗಾಳಿಗೂ ಕಡಲ್ಕೊರೆತಕ್ಕೂ ಸಿಕ್ಕಿ ಕೆಲವು ಮನೆಗಳು ಹೋದವು, ಹಲವು ಮನೆಗಳ ಗೋಡೆ ಬಿರುಕು ಬಿಟ್ಟಿದೆ. ಈಗ ಇಡೀ ಜಾಗಕ್ಕೆ ಹೊಸ ಪ್ಲಾನ್ ಬರುತ್ತದೆ ಅಂತ ಸುದ್ದಿ. ಕೆಲವರು ಬಿಟ್ಟು ಹೋಗೋಣ ಅನ್ನುತ್ತಾರೆ, ಕೆಲವರು ಏನಾದರೂ ಸರಿ ಇಲ್ಲೇ ಅನ್ನುತ್ತಾರೆ. ಅಮೆರಿಕದಲ್ಲಿ ಹರಿಕೇನ್ ಬಂದ ಮೇಲೆ ಊರಿನ ಸಂಘದವರೇ ಕೂತು ತಮ್ಮ ನೆರೆಕರೆಯನ್ನು ಮತ್ತೆ ಕಟ್ಟಿಕೊಂಡರು ಅಂತ ಓದಿದ್ದೆ. ಅದು ನಿಜವಾ? ನಮ್ಮಂಥ ಒಂದು ಕ್ಲಬ್ಬಿನಿಂದ ಏನಾದರೂ ಆಗುತ್ತದಾ?
ಕ್ಲಬ್ ಕಾರ್ಯದರ್ಶಿ, ಕಾಸರಗೋಡು

ಉತ್ತರ:

ನಿಜ. ನಿಮ್ಮಿಂದಲೂ ಆಗುತ್ತದೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಉಳಿದುಕೊಂಡ ನೆರೆಕರೆಯವರು ಮೊದಲು ಮನೆ ಕಟ್ಟಲು ಹೋಗಲಿಲ್ಲ, ಮೊದಲು ಎಣಿಸಿದರು. ಯಾವ ಮನೆಯವರು ಈಗ ಎಲ್ಲಿದ್ದಾರೆ, ವಾಪಸು ಬರುತ್ತಾರಾ, ಬರಬೇಕಾದರೆ ಅವರಿಗೆ ಏನು ಬೇಕು, ಇಷ್ಟನ್ನು ಮನೆಮನೆಗೆ ಹೋಗಿ ಬರೆದುಕೊಂಡರು. ಪ್ಲಾನ್ ಮಾಡುವವರು ಮೇಜಿನ ಮೇಲೆ ನಕ್ಷೆ ಹರಡುವ ಹೊತ್ತಿಗೆ ಇವರ ಕೈಯಲ್ಲೊಂದು ಪಟ್ಟಿ ಇತ್ತು. ನಾನು ನಗರ ಯೋಜನೆಯ ಕೆಲಸದಲ್ಲೇ ಬೆಳೆದವನು. ಆ ಪಟ್ಟಿ ಎದುರಿಗಿದ್ದರೆ ನಮ್ಮಂಥವರು ಗೆರೆ ಎಳೆಯುವ ಮೊದಲು ಕೈ ತಡೆಯುತ್ತೇವೆ. ಪಟ್ಟಿ ಇಲ್ಲದಿದ್ದರೆ ಗೆರೆ ಎಳೆದೇ ಬಿಡುತ್ತೇವೆ.

ನೀವು ಓದಿದ್ದು ಬಹುಶಃ ನ್ಯೂ ಆರ್ಲಿಯನ್ಸ್ ಕಥೆ. 2005ರ ಆಗಸ್ಟ್ 29ರಂದು ಕತ್ರಿನಾ ಹರಿಕೇನ್ ಬಂತು. ನಗರವನ್ನು ಹಾಳು ಮಾಡಿದ್ದು ಗಾಳಿಗಿಂತ ಜಾಸ್ತಿ ನೀರು. ಸುತ್ತ ಕಟ್ಟಿದ್ದ ಒಡ್ಡುಗಳು, ಕಾಲುವೆ ಗೋಡೆಗಳು ಒಡೆದವು. ನಗರದ ಶೇ. 80ರಷ್ಟು ಭಾಗ ಮುಳುಗಿತು, ನೀರು ವಾರಗಟ್ಟಲೆ ನಿಂತಿತು. ನಾಲ್ಕೂವರೆ ಲಕ್ಷದಷ್ಟು ಜನರಿದ್ದ ನಗರ ಹೆಚ್ಚುಕಡಿಮೆ ಖಾಲಿಯಾಯಿತು. ಜನ ಹ್ಯೂಸ್ಟನ್, ಅಟ್ಲಾಂಟಾ, ಡಲ್ಲಾಸ್ ಅಂತ ಸಿಕ್ಕಿದ ಕಡೆ ಹೋಗಿ ಸೇರಿದರು.

ಆಗ ಮೇಯರ್ ಆಗಿದ್ದ ರೇ ನೇಗಿನ್ ಒಂದು ಸಮಿತಿ ಮಾಡಿದರು. ನಗರವನ್ನು ಮತ್ತೆ ಹೇಗೆ ಕಟ್ಟಬೇಕು ಅಂತ ಅದು ಹೇಳಬೇಕಿತ್ತು. 2006ರ ಜನವರಿಯಲ್ಲಿ ಅದರ ನಕ್ಷೆ ಪತ್ರಿಕೆಯಲ್ಲಿ ಬಂತು. ತಗ್ಗಿನ ಕೆಲವು ನೆರೆಕರೆಗಳ ಮೇಲೆ ದೊಡ್ಡ ದೊಡ್ಡ ಹಸಿರು ಚುಕ್ಕೆಗಳು. ಇಲ್ಲಿ ಪಾರ್ಕ್ ಮಾಡಬಹುದು, ನೀರು ನಿಲ್ಲಲು ಬಿಡಬಹುದು ಎಂಬ ಅರ್ಥ. ಜೊತೆಗೆ ಇನ್ನೊಂದು ಸಲಹೆ: ಮುಳುಗಿದ ನೆರೆಕರೆಗಳು ಸುಮಾರು ನಾಲ್ಕು ತಿಂಗಳೊಳಗೆ ಸಾಕಷ್ಟು ಜನ ಮರಳುತ್ತಾರೆ ಅಂತ ತೋರಿಸಿಕೊಡಬೇಕು, ಅಲ್ಲಿಯವರೆಗೆ ಅಲ್ಲಿ ಕಟ್ಟಲು ಪರವಾನಗಿ ಬೇಡ. ಸ್ವಲ್ಪ ಯೋಚಿಸಿ ನೋಡಿ. ಮನೆ ಕಳೆದುಕೊಂಡು ಬೇರೆ ರಾಜ್ಯದಲ್ಲಿ ಯಾರದೋ ಕೋಣೆಯಲ್ಲಿ ಕೂತಿದ್ದೀರಿ. ನಿಮ್ಮ ಕೇರಿಯ ಮೇಲೆ ಒಂದು ಹಸಿರು ಚುಕ್ಕೆ ಬಿದ್ದದ್ದು ಪೇಪರ್ ನೋಡಿ ಗೊತ್ತಾಗುತ್ತದೆ. ನಿಮ್ಮನ್ನು ಯಾರೂ ಒಂದು ಮಾತು ಕೇಳಿಲ್ಲ.

ಜನ ಸಿಟ್ಟಾದರು, ಸಭೆಗಳಲ್ಲಿ ಕೂಗಾಟವಾಯಿತು, ಪರವಾನಗಿ ತಡೆಯುವ ಸಲಹೆಯನ್ನು ಮೇಯರ್ ಕೈಬಿಟ್ಟರು. ಆದರೆ ಸಿಟ್ಟು ಒಂದರಿಂದಲೇ ನೆರೆಕರೆ ಉಳಿಯುವುದಿಲ್ಲ. ಬ್ರಾಡ್‌ಮೂರ್ ಎಂಬ ಕೇರಿಯವರು ಮಾಡಿದ್ದನ್ನು ನಿಮ್ಮ ಕ್ಲಬ್ಬಿನವರು ಚೆನ್ನಾಗಿ ತಿಳಿದುಕೊಳ್ಳಬೇಕು. ಅದು ಬೋಗುಣಿಯ ತಳದಂಥ ಜಾಗ, ನಗರದ ತೀರ ತಗ್ಗಿನ ಭಾಗಗಳಲ್ಲಿ ಒಂದು. ಚುಕ್ಕೆ ಅದರ ಮೇಲೂ ಬಿದ್ದಿತ್ತು. ಅಲ್ಲಿ ಮೊದಲಿನಿಂದಲೂ ಒಂದು ನಿವಾಸಿಗಳ ಸಂಘ ಇತ್ತು. ಆಗ ಅದರ ಅಧ್ಯಕ್ಷೆ ಲಟೋಯಾ ಕ್ಯಾಂಟ್ರೆಲ್, ಮುಂದೆ 2017ರಲ್ಲಿ ಅದೇ ನಗರದ ಮೇಯರ್ ಆಗಿ ಆರಿಸಿ ಬಂದವರು. ಇವರು ಕೇರಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಪ್ರತಿ ತುಂಡಿಗೆ ಒಬ್ಬರನ್ನು ನೇಮಿಸಿದರು. ಆ ಒಬ್ಬರ ಕೆಲಸ ಇಷ್ಟೇ, ತನ್ನ ಬೀದಿಯ ಪ್ರತಿ ಮನೆಯವರನ್ನು ಹುಡುಕುವುದು. ಫೋನ್ ನಂಬರ್ ಯಾರ ಹತ್ತಿರ ಉಂಟು, ನೆಂಟರು ಎಲ್ಲಿದ್ದಾರೆ, ಒಬ್ಬರಿಂದ ಒಬ್ಬರಿಗೆ ಕೇಳಿಕೊಂಡು ಹೋಗುವುದು. ಒಂದು ಚರ್ಚಿನ ಜಾಗವೇ ಆಫೀಸಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಂದರು. ಅವರು ಪ್ಲಾನ್ ಬರೆದುಕೊಟ್ಟು ಹೋದವರಲ್ಲ, ಲೆಕ್ಕ ಹಾಕಲು, ಟೈಪ್ ಮಾಡಲು, ನಕ್ಷೆ ಬಿಡಿಸಲು ಜೊತೆಗೆ ನಿಂತವರು. ತೀರ್ಮಾನ ಕೇರಿಯವರದ್ದೇ. 2006ರಲ್ಲೇ, ಅಲ್ಲಿನ ಬೇಸಗೆ ಮುಗಿಯುವ ಮೊದಲು ಅವರ ಸ್ವಂತ ಪ್ಲಾನ್ ತಯಾರಾಯಿತು.

ಆ ಪ್ಲಾನಿನ ನಡುವಿನಲ್ಲಿ ಏನಿತ್ತು ಗೊತ್ತಾ? ಒಂದು ಶಾಲೆ ಮತ್ತು ಒಂದು ಲೈಬ್ರರಿ. ಮಕ್ಕಳಿಗೆ ಶಾಲೆ ಇಲ್ಲದಿದ್ದರೆ ತಾಯಂದಿರು ವಾಪಸು ಬರುವುದಿಲ್ಲ, ಇದು ಮನೆಮನೆಗೆ ಹೋದಾಗಲೇ ಅವರಿಗೆ ಗೊತ್ತಾಗಿತ್ತು. ಶಾಲೆ ಮತ್ತೆ ತೆರೆದದ್ದು 2010ರಲ್ಲಿ, ಲೈಬ್ರರಿ 2012ರಲ್ಲಿ. ಎಷ್ಟು ವರ್ಷ ಹಿಡಿಯಿತು ನೋಡಿ. ನಿಮ್ಮ ಕ್ಲಬ್ಬಿನ ಹುಡುಗರಿಗೆ ಇದನ್ನು ಈಗಲೇ ಹೇಳಿಬಿಡಿ, ಇದು ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸ ಅಲ್ಲ.

ಒಂದು ಮಾತನ್ನು ನಾನು ಬಿಟ್ಟು ಮುಂದೆ ಹೋಗಬಾರದು. ಹಸಿರು ಚುಕ್ಕೆ ಇಟ್ಟವರು ನೀರಿನ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ತಗ್ಗಿನ ಜಾಗಕ್ಕೆ ನೀರು ಬಂದೇ ಬರುತ್ತದೆ. ಅವರ ತಪ್ಪಿದ್ದದ್ದು ಬೇರೆ ಕಡೆ: ಹೋಗಬೇಕಾದವರು ಯಾರು, ಎಲ್ಲಿಗೆ, ಯಾರ ದುಡ್ಡಿನಲ್ಲಿ ಎಂಬ ಮಾತೇ ಆಡದೆ ಚುಕ್ಕೆ ಇಟ್ಟರು. ಹಾಗಾಗಿ ಇದಕ್ಕೆ ಪೂರ್ತಿ ಎದುರಿನ ಇನ್ನೊಂದು ಕಥೆಯನ್ನೂ ಹೇಳುತ್ತೇನೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಎಂಬ ಬಿರುಗಾಳಿ ಬಂದಾಗ ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡಿನಲ್ಲಿ ಓಕ್‌ವುಡ್ ಬೀಚ್ ಎಂಬ ನೆರೆಕರೆಗೆ ಕಡಲು ನುಗ್ಗಿತು, ಸಾವು ಕೂಡ ಆಯಿತು. ಅಲ್ಲಿಯವರು ತಾವೇ ಸಭೆ ಸೇರಿ, ಯಾರಿಗೆ ಹೋಗುವ ಮನಸ್ಸು ಉಂಟು ಅಂತ ಕೇಳಿದರು. ಬಹುಪಾಲು ಕೈಗಳು ಮೇಲೆದ್ದವು. ಒಂದು ಕಮಿಟಿ ಮಾಡಿ, ಹೆಸರು ಬರೆಸಿಕೊಂಡು, ನಮ್ಮ ಮನೆಗಳನ್ನು ಸರ್ಕಾರವೇ ಕೊಂಡುಕೊಳ್ಳಲಿ ಅಂತ ಕೇಳಿದರು. 2013ರಲ್ಲಿ ರಾಜ್ಯ ಸರ್ಕಾರ ಒಪ್ಪಿತು. ಬೆಲೆ ಕಟ್ಟಿದ್ದು ಬಿರುಗಾಳಿಗೆ ಮೊದಲಿನ ಮನೆಯ ಬೆಲೆಗೆ, ಒಡೆದ ಮನೆಯ ಬೆಲೆಗೆ ಅಲ್ಲ. ಆ ಜಾಗದಲ್ಲಿ ಇನ್ನು ಯಾರೂ ಕಟ್ಟಬಾರದು, ಅದು ಮತ್ತೆ ಕಡಲಂಚಿನ ಬಯಲಾಗಿಯೇ ಇರಬೇಕು ಅಂತ ಷರತ್ತು ಕೂಡ ಆಯಿತು. ನಾವು ಬಿಟ್ಟು ಹೋದ ಮೇಲೆ ಅಲ್ಲಿ ರೆಸಾರ್ಟ್ ಏಳುತ್ತದಾ ಎಂಬ ಹೆದರಿಕೆ ನಿಮ್ಮವರಲ್ಲೂ ಇರಬಹುದು, ಅಲ್ವಾ? ಆ ಷರತ್ತನ್ನು ನೆನಪಿಟ್ಟುಕೊಳ್ಳಿ.

ಒಬ್ಬರು ಉಳಿದರು, ಒಬ್ಬರು ಹೋದರು. ಎರಡೂ ಕಡೆ ಸಂಘ ಗೆದ್ದಿತು, ಯಾಕೆಂದರೆ ತೀರ್ಮಾನ ಅವರ ಬಾಯಿಂದ ಬಂದಿತ್ತು. ಹಾಗಾಗಿ ನಿಮ್ಮ ವಾರ್ಡಿನಲ್ಲಿ ಅರ್ಧ ಜನ ಹೋಗೋಣ, ಅರ್ಧ ಜನ ಇರೋಣ ಅನ್ನುವುದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಎಲ್ಲರ ಬಾಯಲ್ಲಿ ಒಂದೇ ಮಾತು ಬರಿಸಲು ಸುಮ್ನೆ ಜಗಳ ಮಾಡಿಕೊಳ್ಳಬೇಡಿ. ಯಾರು ಯಾವ ಕಡೆ, ಯಾಕೆ ಅಂತ ಬರೆದಿಟ್ಟುಕೊಳ್ಳಿ.

ಇಲ್ಲಿ ಹೋಗುವವರಿಗೆ ಕೇರಳ ಸರ್ಕಾರದ ಪುನರ್ಗೇಹಂ ಯೋಜನೆ ಉಂಟು. ಉಬ್ಬರದ ಗೆರೆಯಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳಿಗಾಗಿ ಮಾಡಿದ್ದು. ಶುರುವಾದಾಗ ಒಂದು ಕುಟುಂಬಕ್ಕೆ ಒಟ್ಟು 10 ಲಕ್ಷ ರೂಪಾಯಿ ಅಂತ ಇಟ್ಟಿದ್ದರು, ಅದರಲ್ಲಿ ಜಾಗ ಕೊಳ್ಳಲು ಜಾಸ್ತಿ ಅಂದರೆ 6 ಲಕ್ಷ. ಕಾಸರಗೋಡು ಪೇಟೆಯ ಹತ್ತಿರ ಸೆಂಟ್ಸಿಗೆ ಏನು ಬೆಲೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ದುಡ್ಡಿಗೆ ಜಾಗ ಸಿಗುವುದು ಕಡಲಿನಿಂದ ಎಷ್ಟು ದೂರ, ಅಲ್ಲಿಂದ ಬೆಳಗಿನ ಜಾವ ಮೂರು ಗಂಟೆಗೆ ದೋಣಿಗೆ ಬರುವುದು ಹೇಗೆ, ಬಲೆ ಎಲ್ಲಿಡುವುದು? ಉಳಿಯುತ್ತೇವೆ ಅನ್ನುವವರು ಹಟ ಮಾಡುತ್ತಿಲ್ಲ, ಬಹಳ ಸಲ ಅವರು ಕೇಳುವುದು ಇದನ್ನೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕಡೆ ದಡ ಏರಲಿಲ್ಲ, ಹೊರಕಡಲಿನಲ್ಲೇ ಸಾಗಿ ಗುಜರಾತಿಗೆ ಹೋಯಿತು, ಆದರೂ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆ ಕಡಲಿಗೆ ಕುಸಿಯುವುದನ್ನು ನಾವೆಲ್ಲ ಫೋನಿನಲ್ಲಿ ನೋಡಿದೆವು. ಹೋಗುತ್ತೇವೆ ಅನ್ನುವವರ ಹೆದರಿಕೆಯೂ ಸುಳ್ಳಲ್ಲ.

ಈಗ ಪಟ್ಟಿಯ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಒಂದು ಕಡಲ ಊರಿನಲ್ಲಿ ಭಜನಾ ಮಂದಿರದ ಜಗಲಿಯ ಮೇಲೆ ನಾನು ನಕ್ಷೆ ಬಿಡಿಸಿ ಕೂತಿದ್ದೆ. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ಚಪ್ಪಲಿ ಇಟ್ಟಿದ್ದರು. ಉಪಗ್ರಹದ ಚಿತ್ರ ನೋಡಿ ಮಾಡಿದ ನಕ್ಷೆ. ಮನೆಗಳಿಗೂ ದಡಕ್ಕೂ ನಡುವೆ ಒಂದು ಉದ್ದ ತುಂಡು ಬರಿದಾಗಿ ಕಾಣುತ್ತಿತ್ತು, ಅದರ ಮೇಲೆ 'ಖಾಲಿ ಜಾಗ' ಅಂತ ಬರೆದಿದ್ದೆ. ರಸ್ತೆ ಅಗಲ ಮಾಡಲು ಅನುಕೂಲ ಅಂತ ನನ್ನ ಲೆಕ್ಕ. ಒಬ್ಬರು ಅಜ್ಜಿ ಬಂದು, ತನ್ನ ಮನೆ ಯಾವುದು ಅಂತ ಕೇಳಿ, ಅಲ್ಲಿಂದ ಬೆರಳು ಎಳೆದುಕೊಂಡು ಆ ತುಂಡಿನ ಮೇಲೆ ನಿಲ್ಲಿಸಿದರು. "ಉಂದು ಖಾಲಿ ಜಾಗೆ ಅತ್ತ್ ಮಗಾ" ಅಂದರು ತುಳುವಿನಲ್ಲಿ, ಇದು ಖಾಲಿ ಜಾಗ ಅಲ್ಲ ಮಗಾ ಅಂತ. ಮಳೆಗಾಲದಲ್ಲಿ ದೋಣಿ ಎಳೆದಿಡುವುದು ಅಲ್ಲಿ. ಬಲೆ ಒಣಗಿಸುವುದು, ಹರಿದದ್ದನ್ನು ಹೊಲಿಯುವುದು ಅಲ್ಲಿ. ಹೆಂಗಸರು ಮೀನು ವಿಂಗಡಿಸಿ ಬುಟ್ಟಿಗೆ ತುಂಬುವುದು ಅಲ್ಲಿ. ಚಿತ್ರ ತೆಗೆದ ದಿನ ದೋಣಿಗಳೆಲ್ಲ ಕಡಲಿನಲ್ಲಿದ್ದವು, ಅಷ್ಟೇ. ಅವತ್ತಿನಿಂದ ನಾನು ಊರಿನವರು ನಡೆದು ತೋರಿಸದ ಜಾಗಕ್ಕೆ ಖಾಲಿ ಅಂತ ಬರೆದಿಲ್ಲ.

ಹಾಗಾಗಿ ನೀವು ಒಂದು ದಪ್ಪ ನೋಟ್‌ಬುಕ್ ತನ್ನಿ. ಒಂದು ಮನೆಗೆ ಒಂದು ಪುಟ. ಮನೆಯಲ್ಲಿ ಎಷ್ಟು ಜನ, ಎಷ್ಟು ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಕೆಲಸ ಏನು, ದೋಣಿಯಲ್ಲಿ ಪಾಲು ಉಂಟಾ, ನಡೆಯಲಾಗದವರು ಇದ್ದಾರಾ, ಗೋಡೆಯ ಬಿರುಕು ಎಲ್ಲಿ, ನೀರು ಎಲ್ಲಿಯವರೆಗೆ ಬಂದಿತ್ತು. ನೀರಿನ ಗುರುತು ಗೋಡೆಯಲ್ಲಿ ಇನ್ನೂ ಕಾಣುತ್ತಿದ್ದರೆ ಟೇಪ್ ಹಿಡಿದು ಅಳೆದು, ಫೋಟೋ ತೆಗೆದು, ಬಣ್ಣ ಬಳಿಯುವ ಮೊದಲೇ ಬರೆದಿಟ್ಟುಕೊಳ್ಳಿ. ಬಾವಿಗೆ ಉಪ್ಪು ನೀರು ಬಂದಿದೆಯಾ ಕೇಳಿ. ಆಮೇಲೆ ದೊಡ್ಡ ಪ್ರಶ್ನೆ: ಇರುತ್ತೀರಾ, ಹೋಗುತ್ತೀರಾ, ಏನು ಸಿಕ್ಕಿದರೆ ಮನಸ್ಸು ಬದಲಾಗುತ್ತದೆ? ಇದನ್ನು ಗಂಡಸರ ಹತ್ತಿರ ಒಮ್ಮೆ, ಹೆಂಗಸರ ಹತ್ತಿರ ಒಮ್ಮೆ ಬೇರೆಬೇರೆಯಾಗಿ ಕೇಳಿ. ಉತ್ತರ ಒಂದೇ ಇರುವುದಿಲ್ಲ. ಕ್ಲಬ್ಬಿನ ಹುಡುಗರು ಮಾತ್ರ ಹೋದರೆ ಅರ್ಧ ವಿಷಯ ಹೊರಗೆ ಬರುವುದಿಲ್ಲ, ಕುಟುಂಬಶ್ರೀಯ (ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ) ನೆರೆಕರೆ ಕೂಟದ ಅಕ್ಕಂದಿರನ್ನು ಜೊತೆಗೆ ಕರೆದುಕೊಳ್ಳಿ. ಹತ್ತಿಪ್ಪತ್ತು ಮನೆಗೆ ಒಂದು ಕೂಟ ಇದ್ದೇ ಇದೆ. ಬ್ರಾಡ್‌ಮೂರ್‌ನವರು ಹೊಸದಾಗಿ ಕಟ್ಟಿಕೊಂಡ ವ್ಯವಸ್ಥೆ ನಿಮ್ಮಲ್ಲಿ ಆಗಲೇ ಉಂಟು, ಅದು ನಿಮ್ಮ ದೊಡ್ಡ ಬಲ.

ಕ್ವಾರ್ಟರ್ಸಿನಲ್ಲಿ ಬಾಡಿಗೆಗೆ ಇರುವವರನ್ನು ದಯವಿಟ್ಟು ಬಿಡಬೇಡಿ. ನ್ಯೂ ಆರ್ಲಿಯನ್ಸಿನಲ್ಲಿ ಜಾಸ್ತಿ ಪೆಟ್ಟು ತಿಂದವರು ಬಾಡಿಗೆಯವರೇ. ಮನೆ ಮಾಲೀಕರಿಗೆ ಪರಿಹಾರ ಬಂತು, ಬಾಡಿಗೆಗಿದ್ದವರ ಕೈಗೆ ಅದು ಬರಲಿಲ್ಲ. ಬಡವರಿಗೆ ಸರ್ಕಾರ ಕಟ್ಟಿದ್ದ ದೊಡ್ಡ ವಸತಿ ಸಮುಚ್ಚಯಗಳನ್ನೂ ಒಡೆದುಬಿಟ್ಟರು, ಅಲ್ಲಿದ್ದ ಎಷ್ಟೋ ಜನರಿಗೆ ವಾಪಸು ಬರಲು ಜಾಗವೇ ಇರಲಿಲ್ಲ.

ಮಾಲೀಕರಿಗೆ ಬಂದ ಪರಿಹಾರವೂ ಸರಿಯಾಗಿ ಬರಲಿಲ್ಲ. 'ರೋಡ್ ಹೋಮ್' ಎಂಬ ಆ ಯೋಜನೆಯ ಲೆಕ್ಕ ಹೀಗಿತ್ತು: ಮನೆಯ ಹಳೆಯ ಬೆಲೆ, ರಿಪೇರಿ ಖರ್ಚು, ಎರಡರಲ್ಲಿ ಯಾವುದು ಕಮ್ಮಿಯೋ ಅದಕ್ಕೆ ದುಡ್ಡು. ಕಪ್ಪು ಜನರ ನೆರೆಕರೆಗಳಲ್ಲಿ ಮನೆಗಳ ಬೆಲೆ ಮೊದಲಿನಿಂದಲೂ ಕಮ್ಮಿ. ಗೋಡೆ ಕಟ್ಟುವ ಖರ್ಚು ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಒಂದೇ ಥರ ಹಾಳಾದ ಎರಡು ಮನೆಗಳಿಗೆ ಬೇರೆಬೇರೆ ದುಡ್ಡು ಬಂತು. 2008ರಲ್ಲಿ ಕೇಸ್ ಹಾಕಿದರು, 2011ರಲ್ಲಿ 6 ಕೋಟಿ 20 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರೊಳಗೆ ಆರು ವರ್ಷ ಹೋಗಿತ್ತು. ನಿಮ್ಮಲ್ಲಿ ಪರಿಹಾರದ ಆದೇಶ ಬಂದ ದಿನವೇ ಲೆಕ್ಕದ ಸಾಲು ಯಾವುದು ಅಂತ ಹುಡುಕಿ ಓದಿ. ನಿಮ್ಮದೇ ವಾರ್ಡಿನ ಎರಡು ಮನೆಗೆ ಆ ಲೆಕ್ಕ ಹಾಕಿ ನೋಡಿ. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಕಾಗದದ ಇನ್ನೊಂದು ತೊಂದರೆ ನಮಗೂ ಅವರಿಗೂ ಒಂದೇ. ಅಲ್ಲಿನ ಲೋವರ್ ನೈನ್ತ್ ವಾರ್ಡಿನಂಥ ಕಡೆ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ಮನೆ ಬಂದಿತ್ತು. ಹೆಸರು ಬದಲಾಗಿರಲಿಲ್ಲ. ಪರಿಹಾರ ಕೇಳಲು ಹೋದರೆ, ಮನೆ ನಿಮ್ಮ ಹೆಸರಲ್ಲಿ ಇಲ್ಲವಲ್ಲ ಅಂದರು. ಸಾವಿರಾರು ಜನ ಹೀಗೆ ಸಿಕ್ಕಿಹಾಕಿಕೊಂಡರು. ನಮ್ಮಲ್ಲಿ ಪಟ್ಟೆ (ಜಾಗದ ಹಕ್ಕುಪತ್ರ) ಇನ್ನೂ ತೀರಿಕೊಂಡವರ ಹೆಸರಲ್ಲಿ ಇರುವ, ಪಾಲಾಗದ ಕುಟುಂಬದ ಮನೆಗಳು ಎಷ್ಟಿಲ್ಲ? ನೋಟ್‌ಬುಕ್ಕಿನಲ್ಲಿ ಇದಕ್ಕೂ ಒಂದು ಸಾಲು ಇಡಿ. ಪಟ್ಟೆ ಯಾರ ಹೆಸರಲ್ಲಿ, ತೆರಿಗೆ ರಶೀದಿ ಯಾರ ಹೆಸರಲ್ಲಿ, ರೇಷನ್ ಕಾರ್ಡಿನ ವಿಳಾಸ ಇದೇನಾ? ಎಲ್ಲಿ ತೊಡಕು ಉಂಟೋ ಆ ಮನೆಗಳನ್ನು ಬೇರೆ ಬರೆದುಕೊಂಡು, ಒಂದು ದಿನ ಗೊತ್ತು ಮಾಡಿ, ಎಲ್ಲರೂ ಒಟ್ಟಿಗೆ ವಿಲೇಜ್ ಆಫೀಸಿಗೆ ಹೋಗಿ. ಒಬ್ಬೊಬ್ಬರೇ ಹೋದರೆ ನಾಲ್ಕು ಸಲ ಓಡಾಡಬೇಕು.

ಭಾಷೆಯ ವಿಷಯವನ್ನು ಗಡಿನಾಡಿನ ನಾವು ಹೇಳದಿದ್ದರೆ ಯಾರೂ ಹೇಳುವುದಿಲ್ಲ. ನ್ಯೂ ಆರ್ಲಿಯನ್ಸಿನಲ್ಲಿ ಮೇಯರ್ ಸಮಿತಿಯ ಪ್ಲಾನ್ ಬಿದ್ದ ಮೇಲೆ ಇಡೀ ನಗರಕ್ಕೆ ಒಂದೇ ಪ್ಲಾನ್ ಮಾಡಲು ಹೊರಟರು. ಮೊದಲ ದೊಡ್ಡ ಸಭೆಗೆ ಬಂದವರು ಕಮ್ಮಿ, ಬಂದವರಲ್ಲೂ ಮನೆ ಮುಳುಗದವರೇ ಜಾಸ್ತಿ. ಹಾಗಾಗಿ 2006ರ ಡಿಸೆಂಬರ್‌ನಲ್ಲಿ ಇನ್ನೊಂದು ಸಭೆ ಮಾಡಿದರು. ನ್ಯೂ ಆರ್ಲಿಯನ್ಸಿನಲ್ಲೂ ಜನ ಚದುರಿ ಹೋಗಿದ್ದ ನಗರಗಳಲ್ಲೂ, ಒಟ್ಟು ಐದು ಕಡೆ ಒಂದೇ ದಿನ, ಪರದೆಯ ಮೂಲಕ ಒಂದಕ್ಕೊಂದು ಜೋಡಿಸಿ. ಬರಲು ಬಸ್ಸು, ಊಟ, ಮಕ್ಕಳನ್ನು ನೋಡಿಕೊಳ್ಳುವವರು, ಇಂಗ್ಲಿಷ್ ಬಾರದವರಿಗೆ ವಿಯೆಟ್ನಾಮಿ ಮತ್ತು ಸ್ಪ್ಯಾನಿಷ್ ಮಾತಾಡುವವರು. ಸುಮಾರು 2,500 ಜನ ಬಂದರು. ಪ್ಲಾನಿಗೆ ಒಪ್ಪಿಗೆ ಸಿಕ್ಕಿದ್ದು ಆ ಸಭೆ ಆದ ಮೇಲೆಯೇ.

ನಿಮ್ಮ ವಾರ್ಡ್‌ಸಭೆಯಲ್ಲಿ ಮಲಯಾಳಂ ಓದಲು ಬಾರದ ಅಜ್ಜಂದಿರು ಇಲ್ವಾ? 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಉಂಟು. ಪ್ಲಾನಿನ ಸಾರಾಂಶವನ್ನು ಕನ್ನಡದಲ್ಲಿ ಕೊಡಿ ಅಂತ ಈಗಲೇ ಕನ್ನಡದಲ್ಲಿ ಅರ್ಜಿ ಬರೆದುಕೊಡಿ, ರಶೀದಿ ತೆಗೆದುಕೊಳ್ಳಿ. ಸಭೆಯಲ್ಲಿ ಮಾತಾಡುವುದು ತುಳುವಾಗಲಿ, ಬ್ಯಾರಿಯಾಗಲಿ, ಮಲಯಾಳವಾಗಲಿ, ಮಿನಿಟ್ಸ್ ಬರೆಯುವವರಿಗೆ ಅರ್ಥವಾಗಬೇಕು. ಅದಕ್ಕೊಬ್ಬರನ್ನು ನೀವೇ ಕೂರಿಸಿ.

ಹೊಸ ಮನೆಯ ವಿನ್ಯಾಸದ ಬಗ್ಗೆ ಒಂದೇ ಮಾತು. ಲೋವರ್ ನೈನ್ತ್ ವಾರ್ಡಿನಲ್ಲಿ ನಟ ಬ್ರ್ಯಾಡ್ ಪಿಟ್ ಶುರುಮಾಡಿದ ಸಂಸ್ಥೆ 109 ಮನೆ ಕಟ್ಟಿತು. ಹೆಸರಾಂತ ಆರ್ಕಿಟೆಕ್ಟ್‌ಗಳು, ಒಳ್ಳೆಯ ಮನಸ್ಸು, ನೋಡಲು ಚಂದ. ಆದರೆ ಕೆಲವೇ ವರ್ಷಗಳಲ್ಲಿ ಸೋರಿಕೆ, ಮರ ಕೊಳೆಯುವುದು, ಬೂಷ್ಟು. 2018ರಲ್ಲಿ ಅಲ್ಲಿಯವರು ಕೋರ್ಟಿಗೆ ಹೋಗಬೇಕಾಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಯಾರಾದರೂ ಮಾಡು ಚಪ್ಪಟೆಯಾಗಿ, ಸೂರು ಹೊರಚಾಚದ ಮನೆಯ ಚಿತ್ರ ತೋರಿಸಿದರೆ, ಊರಿನ ಹಳೆಯ ಮೇಸ್ತ್ರಿಯನ್ನು ಕರೆದು ಅವರ ಎದುರೇ ಚಿತ್ರ ಇಡಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಒಪ್ಪಬೇಡಿ.

ಯಾವಾಗ ಶುರು ಮಾಡಬೇಕು ಅಂದರೆ, ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಮುಗಿಸಿ. ಉಳಿದದ್ದನ್ನು ಟ್ರಾಲಿಂಗ್ ನಿಷೇಧದ ಜೂನ್–ಜುಲೈ ತಿಂಗಳಲ್ಲಿ ಮಾಡಿ, ಬೋಟಿಗೆ ಹೋಗುವವರು ಆಗ ಮನೆಯಲ್ಲಿ ಸಿಗುತ್ತಾರೆ. ಗಲ್ಫಿನಲ್ಲಿ ಇರುವವರಿಗೆ ಅವರ ರಜೆಯ ದಿನ ಫೋನ್ ಮಾಡಿ. ಈಗಾಗಲೇ ಬಿಟ್ಟು ಹೋದ ಮನೆಗಳಿಗೂ ಪುಟ ಇಡಿ, ಅವರ ಹೊಸ ನಂಬರ್ ನೆರೆಮನೆಯವರ ಹತ್ತಿರ ಇರುತ್ತದೆ. ಎಲ್ಲ ಮುಗಿದ ಮೇಲೆ ನೋಟ್‌ಬುಕ್ಕಿನ ಮೂರು ಪ್ರತಿ ಮಾಡಿಸಿ. ಒಂದು ಕ್ಲಬ್ಬಿನಲ್ಲಿ ಇರಲಿ, ಒಂದು ವಾರ್ಡ್ ಮೆಂಬರ್ ಹತ್ತಿರ ಇರಲಿ. ಮೂರನೆಯದನ್ನು ಹೆದ್ದಾರಿಯ ಆಚೆ, ಗುಡ್ಡದ ಮೇಲೆ ಮನೆ ಇರುವ ಯಾರಾದರೂ ನೆಂಟರ ಕೈಯಲ್ಲಿ ಕೊಟ್ಟಿಡಿ.